ಕಾಲಡಿಯ ಕರೆಗಂಟೆ

ಪರರ ಮನೆಯ ಕರೆಗಂಟೆಯನ್ನು ಒತ್ತುವಾಗ ನನ್ನ ಬೆರಳು ಈಗಲೂ ಅಳುಕುತ್ತದೆ. ಒಮ್ಮೆ ಒತ್ತಿದರೆ ಕೇಳಿಸದೇನೋ, ಎರಡು ಬಾರಿ ಒತ್ತಿದರೆ ಅಶಿಷ್ಟವೇನೋ! ನಮ್ಮ ವಂಶದಲ್ಲಿ ಪದವಿಯನ್ನೂ ಕರೆಗಂಟೆಯನ್ನೂ ಮೊದಲು ಮುಟ್ಟಿದವನು ನಾನೇ ಆದ್ದರಿಂದ ಓದುಗ ಮಿತ್ರರು ಈ ಅಳುಕನ್ನು ಮನ್ನಿಸಬೇಕು. ಇದಕ್ಕೆ ಇನ್ನೊಂದು ಕಾರಣವೂ ಉಂಟು.

ಎಂಬತ್ತರ ದಶಕದ ಆರಂಭದಲ್ಲಿ ನಾನು ಶಿರಾದಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದೆ. ನನ್ನ ಷರಟುಗಳನ್ನು ಹೊಲಿಯುತ್ತಿದ್ದ ರಹೀಂ ಸಾಹೇಬರಿಗೆ ಹುಟ್ಟಿನಿಂದ ಕಿವಿ ಕೇಳಿಸದು, ಮಾತೂ ಬಾರದು. ಅವರ ಕಷ್ಟಕ್ಕೆ ಕರಗಿದ ನಾನು, ಅವರನ್ನೇ ಏನೊಂದೂ ವಿಚಾರಿಸದೆ, ಒಂದು ಭಾನುವಾರ ಅಂಗಡಿಯ ಮುಂದಿನ ಕಂಬಕ್ಕೆ ಗುಂಡಿಯನ್ನೂ ಗೋಡೆಯ ನೆತ್ತಿಗೆ ಅದನ್ನೊತ್ತಿದರೆ ಹೊತ್ತಿಕೊಳ್ಳುವ ಕೆಂಪು ಬಲ್ಬನ್ನೂ ಜೋಡಿಸಿ, ‘ಗಿರಾಕಿಗಳು ಗುಂಡಿ ಒತ್ತತಕ್ಕದ್ದು’ ಎಂಬ ಫಲಕವನ್ನು ದುಂಡಗೆ ಬರೆದು ತೂಗುಹಾಕಿದೆ. ಸಾಹೇಬರು ಪದೇ ಪದೇ ನೆಲದತ್ತ ಕೈತೋರಿದರು. ಕೃತಜ್ಞತೆಯ ಅತಿರೇಕದಲ್ಲಿ ಕಾಲಿಗೆ ಬೀಳಹೊರಟಿದ್ದಾರೆಂದು ಭಾವಿಸಿದ ನಾನು ಸವಿನಯವಾಗಿ ತಡೆದೆ.

ಎರಡು ವಾರದ ಮೇಲೆ, ರಂಜಾನ್ ಹಬ್ಬ ಸಮೀಪಿಸಿದಾಗ, ಪ್ರಶಂಸೆಯನ್ನು ಸ್ವೀಕರಿಸಲು ಹೋದವನಿಗೆ ಕಂಡದ್ದು ಹೊಲಿಯಲು ಬಟ್ಟೆಯಿಲ್ಲದೆ ಬರಿದಾದ ಕಪಾಟು. ಮನೆಯಲ್ಲಿ ಕೂತು ಷರಟಿನ ಗುಂಡಿತೂತುಗಳಿಗೆ ಕಾಜಾ ಹಾಕಿಕೊಡುತ್ತಿದ್ದ ಅವರ ಅಕ್ಕ ಅಮೀನಾಬಿ ಅಲ್ಲಿದ್ದರು.

“ಹೊಲಿಯೋನ ಕಣ್ಣು ಸೂಜಿ ಮೇಲಿರ್ತೈತೋ, ಗೋಡೆ ಮೇಲಿರ್ತೈತೋ, ಮೇಷ್ಟ್ರೇ? ಜನ ಬೀದೀಲೇ ನಿಂತು ಗುಂಡಿ ಒತ್ತಿ ಒತ್ತಿ, ದರ್ಜಿಗೆ ಸೊಕ್ಕು ಬಂದೈತೆ ಅಂದ್ಕಂಡು ಎದುರಂಗ್ಡಿಗೆ ಹೋಗ್ಬುಟ್ರು. ಈದ್ ಹೊಲಿಗೇಲೇ ನಾವು ಅರ್ಧ ವರ್ಸ ಉಣ್ಣೋದು.”

ಗಿರಾಕಿ ಬಂದದ್ದು ಸಾಹೇಬರಿಗೆ ಮೊದಲು ಹೇಗೆ ತಿಳಿಯುತ್ತಿತ್ತೆಂದು ತೊದಲಿದೆ.

“ಈ ಹಲಗೆ ಮೇಲೆ ಯಾರಾನ ಕಾಲಿಟ್ರೆ ಅವನ ಪಾದಕ್ಕೇ ಸುದ್ದಿ ಹೋಗ್ತಿತ್ತು. ಇಷ್ಟೆಲ್ಲಾ ಓದೀರಿ, ಒಂದು ಗಳಿಗೆ ಅವನ ಜಾಗದಾಗೆ ಕೂತು ನೋಡ್ಬಾರ್ದಿತ್ತಾ?”

ಕೂತು ನೋಡಿದೆ. ಚರಂಡಿಯ ಮೇಲಿನಿಂದ ಯಂತ್ರದ ಬುಡದವರೆಗೂ ಹಾಸಿದ್ದ ಉದ್ದನೆಯ ಹಲಗೆಯ ಮೇಲೆ ಅಮೀನಾಬಿ ಹೆಜ್ಜೆಯಿಟ್ಟೊಡನೆ ನನ್ನ ಅಂಗಾಲು ನಡುಗಿತು. ನನ್ನ ಹೆಮ್ಮೆಯ ಬಲ್ಬಾದರೋ ಕತ್ತು ಹಿಂದಕ್ಕೆ ಮುರಿದರಷ್ಟೇ ಗೋಚರಿಸುತ್ತಿತ್ತು. ಗುಂಡಿಯಿದೆಯೆಂದು ಯಾರೂ ಹಲಗೆ ಹತ್ತಿರಲೇ ಇಲ್ಲ. ಕೇಳುವ ಕಿವಿಯಿದ್ದೂ ಕೇಳದೆ ಹೋದವನು ನಾನು.

ಆಗ ಸಾಹೇಬರು ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಹಲಗೆಯ ಅಡಿಗೊಂದು, ಸೂಜಿಯ ಪಕ್ಕಕ್ಕೊಂದು ಗೆರೆಯೆಳೆದರು. ಯಂತ್ರ ಓಡುವಾಗ ಅದರ ಕಂಪನದಲ್ಲಿ ಹೆಜ್ಜೆಯ ಕಂಪನ ಕಳೆದುಹೋಗುತ್ತದೆಂದೂ, ದೀಪ ಬೇಕಾದದ್ದು ಆಗ ಮಾತ್ರವೆಂದೂ ಸನ್ನೆಯಲ್ಲೇ ಪಾಠ ಹೇಳಿದರು. ನಾನು ವಿಧೇಯ ವಿದ್ಯಾರ್ಥಿಯಾಗಿ ಗುಂಡಿಯನ್ನು, ತುಳಿದರೆ ತಾನೇ ಒತ್ತಿಕೊಳ್ಳುವಂತೆ, ಹಲಗೆಯ ಕೆಳಗೂ ಬಲ್ಬನ್ನು ಸೂಜಿಯ ಬಳಿಗೂ ಇಳಿಸಿ, ಫಲಕವನ್ನು ಕಿತ್ತೆ. ಹಬ್ಬದೊಳಗೆ ಅರ್ಧದಷ್ಟು ಗಿರಾಕಿಗಳು ಮರಳಿದರು. ಉಳಿದವರು ಮರಳಲೇ ಇಲ್ಲ.

ಅಂದಿನಿಂದ, ಯಾರ ಮನೆಯ ಕರೆಗಂಟೆಯನ್ನು ಒತ್ತಿದರೂ ಬೆರಳನ್ನು ಪೂರ್ತಿ ನಂಬದೆ, ಹೊಸ್ತಿಲ ಮುಂದೆ ಪಾದವನ್ನು ಕೊಂಚ ಗಟ್ಟಿಯಾಗಿಯೇ ಊರುತ್ತೇನೆ.