ಕತ್ತರಿಯ ಸಪ್ಪಳ ನಿಂತ ಜಾಗ

ಹಾಡುವವರು ಕಣ್ಣು ಮುಚ್ಚುತ್ತಾರೆ. ನಮ್ಮ ಬಾಳು ಮಾಸ್ತರು ಮುಚ್ಚುತ್ತಿರಲಿಲ್ಲ. ಎಷ್ಟು ಉದ್ದ ದನಿ ಎಳೆದರೂ ಅವರ ಎರಡೂ ಕಣ್ಣು ತೆರೆದೇ ಇರುತ್ತಿದ್ದವು. ನೋಟ ನಮ್ಮ ಮುಖದ ಮೇಲಲ್ಲ, ನಮ್ಮ ಕೈಗಳ ಮೇಲೆ. ನಾವು ಹತ್ತು ಹನ್ನೆರಡು ಹೆಂಗಸರು ನಿಪ್ಪಾಣಿಯ ನಮ್ಮ ಮನೆಯ ಪಡಸಾಲೆಯಲ್ಲಿ ತೊಡೆಯ ಮೇಲೆ ಮೊರ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದೆವು. ಮಾಸ್ತರು ಎದುರಿನ ಗೋಡೆಗೆ ಬೆನ್ನು ಕೊಟ್ಟು ಕೂತು ಪೇಟಿ ನುಡಿಸುತ್ತಿದ್ದರು. ಹಾರ್ಮೋನಿಯಮ್ಮಿಗೆ ನಾವು ಪೇಟಿ ಅನ್ನುವವರು.

ಎಲೆ ಕತ್ತರಿಸುವ ನಮ್ಮ ಕತ್ತರಿಗಳ ಕಚಕ್ ಕಚಕ್ ಸಪ್ಪಳವೇ ಅವರಿಗೆ ತಾಳ. ನಮ್ಮ ಕೈ ಜೋರಾದರೆ ಹಾಡೂ ಜೋರು, ನಮ್ಮ ಕೈ ದಣಿದರೆ ಹಾಡೂ ನಿಧಾನ. ಯಾರದಾದರೂ ಕೈ ಹಾಡಿಗೆ ಮೈಮರೆತು ನಿಂತಿತೋ, ಪೇಟಿಯೂ ಗಪ್ಪನೆ ನಿಲ್ಲುತ್ತಿತ್ತು.

"ಕೈ ನಡೀಲಿ ಬೇ. ನನ್ನ ಹಾಡು ಕೇಳಕೋತ ನಿಮ್ಮ ಸಾವಿರ ಬೀಡಿ ತುಂಬಲಿಲ್ಲಂದ್ರ ಸಂಜಿಗೆ ನಿಮ್ಮ ಗಂಡಂದಿರು ನನ್ನ ಬಡೀತಾರ."

ಪಕ್ಕದ ಮನೆಯ ಕಮಲಕ್ಕ ಬಿಡುತ್ತಿರಲಿಲ್ಲ. "ಬಡಿಯೂ ಹಂಗಿದ್ರ ನಿಮ್ಮ ಹಾಡಿಗೇ ಬಡೀತಿದ್ರು ಮಾಸ್ತರ್ರ. ಬೀಡಿ ನೆಪ ಯಾಕ್ರಿ?"

ಮಾಸ್ತರು ಹಲ್ಲು ಕಾಣುವಂತೆ ನಕ್ಕು ಮತ್ತೆ ಶುರು ಮಾಡುತ್ತಿದ್ದರು.

ಅವರ ಮೂಲ ಊರು ಏಕಸಂಬಿ. ನಮ್ಮ ಓಣಿಯ ತುದಿಗೆ ಒಂದು ಖೋಲಿ ಹಿಡಿದುಕೊಂಡಿದ್ದರು. ಊರೂರಿಗೆ ಹೋಗಿ ಭಜನೆ ಕಲಿಸುವುದು, ಕೆಟ್ಟ ಪೇಟಿ ರಿಪೇರಿ ಮಾಡುವುದು ಅವರ ಕೆಲಸ. ಸೈಕಲ್ಲಿನ ಹಿಂದೆ ಹಳೆಯ ಟ್ಯೂಬಿನಿಂದ ಪೇಟಿ ಬಿಗಿದುಕೊಂಡು ಕಬ್ಬೂರು, ರಾಯಬಾಗ, ಹೊಳೆ ದಂಡೆಯ ಜುಗೂಳದ ತನಕ ಹೋಗಿಬರುತ್ತಿದ್ದರು. ಸೋಮವಾರ ಮಾತ್ರ ಎಲ್ಲಿಗೂ ಹೋಗುತ್ತಿರಲಿಲ್ಲ. ಮಧ್ಯಾಹ್ನ ಊಟ ಮಾಡಿ ನಮ್ಮ ಪಡಸಾಲೆಗೆ ಬಂದುಬಿಡುತ್ತಿದ್ದರು. ಗುಡಿಯಲ್ಲಿ ಹಾಡುವುದು ಬಿಟ್ಟು ಇಲ್ಲಿ ಯಾಕೆ ಎಂದು ನಾನು ಒಮ್ಮೆ ಕೇಳಿದ್ದಕ್ಕೆ, "ದೇವರ ಮುಂದ ಹಾಡೂದು ಸಸಾರ ಶಾಂತವ್ವಾ. ದೇವರು ಎದ್ದು ಹೋಗೂದಿಲ್ಲ. ಕೆಲಸ ಇದ್ದವರ ಮುಂದ ಹಾಡೂದ ತ್ರಾಸು" ಎಂದಿದ್ದರು.

ಊರಿನ ಪೇಟಿಗಳನ್ನೆಲ್ಲ ರಿಪೇರಿ ಮಾಡುವ ಅವರ ಸ್ವಂತ ಪೇಟಿಯಲ್ಲಿ ಒಂದು ಪಟ್ಟಿ ನುಡಿಯುತ್ತಿರಲಿಲ್ಲ. ಒತ್ತಿದರೆ ಬರೀ ಗಾಳಿ. ಆ ಜಾಗ ಬಂದಾಗ ಪೇಟಿಯ ಬದಲು ತಮ್ಮ ಗಂಟಲಿನಿಂದಲೇ ಆ ಸ್ವರ ತುಂಬಿಬಿಡುತ್ತಿದ್ದರು. "ಅದೊಂದು ಮೂಗ ಐತಿ, ಇರ್ಲಿ. ಅದರ ಪಾಲಿಂದು ನಾ ಹಾಡತೇನಿ" ಅನ್ನುತ್ತಿದ್ದರು.

ಈ ಮಾತು ನಗುತ್ತ ಹೇಳಿದರೂ ನನ್ನ ಎದೆಗೆ ಚುಚ್ಚುತ್ತಿತ್ತು. ನನ್ನ ಮಗಳು ಸುನಂದಾಗೆ ಆಗ ನಾಲ್ಕು ವರ್ಷ ತುಂಬಿತ್ತು, ಒಂದು ಮಾತು ಬಂದಿರಲಿಲ್ಲ. ಕಿವಿ ಚಲೋ ಇದ್ದವು. ಕರೆದರೆ ತಿರುಗಿ ನೋಡುತ್ತಿದ್ದಳು. ಬಾಯಿ ಮಾತ್ರ ಬಿಚ್ಚುತ್ತಿರಲಿಲ್ಲ. ಮಿರಜದ ಡಾಕ್ಟರಿಗೆ ತೋರಿಸಿದ್ದೆವು, ಹರಕೆಯನ್ನೂ ಹೊತ್ತಿದ್ದೆವು. ಓಣಿಯಲ್ಲಿ ಎಲ್ಲರೂ ಮೂಗಿ ಎಂದೇ ಕರೆಯುತ್ತಿದ್ದರು. ಹುಡುಗಿ ಸೋಮವಾರ ಬಂತೆಂದರೆ ಮಾಸ್ತರ ಪೇಟಿಯ ಹಿಂದೆ ಹೋಗಿ, ಗಾಳಿ ಹೊಡೆಯುವ ಅವರ ಕೈಗೆ ಕೆನ್ನೆ ಹಚ್ಚಿ ಕೂಡುತ್ತಿದ್ದಳು. ನಾನು ಬೈದು ಕರೆದರೆ ಮಾಸ್ತರು ನನಗೇ ಬೈಯುತ್ತಿದ್ದರು.

"ಆಕಿ ಕೇಳಾಕತ್ತಾಳ. ಕೊಡ ತುಂಬೂತನಕ ನೀರು ಹೊರಗ ಚೆಲ್ಲೂದಿಲ್ಲ. ತಡಿ."

ಅವರೇ ಕಟ್ಟಿದ ಒಂದು ಪದ ಇತ್ತು. "ಹೊತ್ತು ಹೊಂಟೈತಿ, ಹಾದಿ ಸಿಗವಲ್ದು, ಕೈಹಿಡಿಯ ಬಾರ ನನ್ನವ್ವಾ." ಪ್ರತಿ ಸಲವೂ ಕಡೆಯ 'ಅವ್ವಾ' ಅನ್ನುವುದನ್ನು ಅವರು ಹಾಡುತ್ತಿರಲಿಲ್ಲ, ನಮಗೆ ಬಿಡುತ್ತಿದ್ದರು. ಕೈಗೆ ಕೆಲಸ ಇದ್ದರೂ ಬಾಯಿ ಖಾಲಿ ಇತ್ತಲ್ಲ, ನಾವೆಲ್ಲ ಕೂಡಿ 'ಅವ್ವಾ' ಅನ್ನುತ್ತಿದ್ದೆವು.

ಒಂದು ಸೋಮವಾರ ನನ್ನ ಗಂಡ ಇಚಲಕರಂಜಿಯಿಂದ ತಂದ ಹೊಸ ಟೇಪರಿಕಾರ್ಡನ್ನು ಪಡಸಾಲೆಯ ನಡುವೆ ಇಟ್ಟು ಕೆಂಪು ಗುಂಡಿ ಒತ್ತಿದ್ದರು. ಮಾಸ್ತರು ಅದೇ ಪದ ಹಾಡಿದರು. ಎರಡು ಸಲ ನಾವು 'ಅವ್ವಾ' ಅಂದೆವು. ಮೂರನೆಯ ಸಲ ಕಮಲಕ್ಕ ಹಲ್ಲಿನಲ್ಲಿ ನೂಲು ಕಚ್ಚಿದ್ದಳು, ನಾನು ಬೀಡಿ ಎಣಿಸುತ್ತಿದ್ದೆ, ಉಳಿದವರದೂ ಏನೋ ಗಡಿಬಿಡಿ. ಮಾಸ್ತರು "ಕೈಹಿಡಿಯ ಬಾರ ನನ್ನ..." ಎಂದು ಬಿಟ್ಟರು. ಯಾರೂ ತುಂಬಲಿಲ್ಲ. ಆ ಖಾಲಿ ಜಾಗಕ್ಕೆ ಪೇಟಿಯ ಹಿಂದಿನಿಂದ ಸಣ್ಣ ದನಿಯೊಂದು ಬಂತು. "ಅವ್ವಾ."

ಪೇಟಿಯ ಸ್ವರಕ್ಕೆ ಸರಿಯಾಗಿಯೇ ಬಂತು. ನನ್ನ ಕತ್ತರಿ ನಿಂತಿತು. ಕಮಲಕ್ಕನದು ನಿಂತಿತು. ಒಂದೊಂದಾಗಿ ಎಲ್ಲ ಕತ್ತರಿಗಳೂ ನಿಂತವು. ಮಾಸ್ತರು ಪೇಟಿ ನಿಲ್ಲಿಸಲಿಲ್ಲ, ಬೈಯಲೂ ಇಲ್ಲ. ಅದೇ ಸಾಲನ್ನು ಮತ್ತೆ ಹಾಡಿ ಮತ್ತೆ ಬಿಟ್ಟರು. ಮತ್ತೆ ಬಂತು, "ಅವ್ವಾ." ನಾನು ಮೊರ ಚೆಲ್ಲಿ ಎದ್ದು ಹೋಗಿ ಕೂಸನ್ನು ಎತ್ತಿಕೊಂಡೆ. ಆಮೇಲೆ ಏನಾಯಿತು ನನಗೆ ಗೊತ್ತಿಲ್ಲ. ನಾನು ಅವಳ ಬಾಯನ್ನೇ ನೋಡುತ್ತಿದ್ದೆ.

ಆ ಟೇಪನ್ನು ನಾವು ಅದೆಷ್ಟು ಸಲ ಹಚ್ಚಿದೆವೋ. ಸುನಂದಾ ಅಂದ ಜಾಗ ಮುಗಿದ ಕೂಡಲೇ ನನ್ನ ಗಂಡ ಹಿಂದಕ್ಕೆ ತಿರುಗಿಸಿ ಮತ್ತೆ ಅದನ್ನೇ ಹಚ್ಚುತ್ತಿದ್ದರು. ಮುಂದೆ ಹೋಗಲು ಬಿಟ್ಟಿದ್ದೇ ಇಲ್ಲ.

ಮೂಗಿ ಅನ್ನಿಸಿಕೊಂಡವಳು ಆಮೇಲೆ ಬಾಯಿ ಮುಚ್ಚಲಿಲ್ಲ. ಮಾತಿಗೊಂದು ಮಾತು, ಮರಾಠಿ ಒಂದು ಕಡೆ, ಕನ್ನಡ ಒಂದು ಕಡೆ. ಮದುವೆಯಾಗಿ ಅಥಣಿಗೆ ಹೋದಳು, ಒಂದು ಹೆಣ್ಣು ಹಡೆದಳು. ಆ ಕೂಸು ಅಶ್ವಿನಿಗೆ ಎರಡು ವರ್ಷ ಇರುವಾಗ ಸುನಂದಾ ಜ್ವರ ಬಂದು ಎಂಟು ದಿನದಲ್ಲಿ ಹೋಗಿಬಿಟ್ಟಳು. ಅವಳ ಹಿಂದೆಯೇ ನನ್ನ ಗಂಡನೂ ಹೋದರು. ಕೂಸನ್ನು ನಾನು ತಂದುಕೊಂಡೆ, ಅಜ್ಜಿಯಾದ ನನ್ನನ್ನು ಆಯಿ ಅನ್ನುತ್ತ ಬೆಳೆಯಿತು. ಟೇಪನ್ನು ಸುನಂದಾಳ ಸಣ್ಣ ಅಂಗಿಯಲ್ಲಿ ಸುತ್ತಿ ಟ್ರಂಕಿಗೆ ಹಾಕಿ ಕೀಲಿ ಹಾಕಿದೆ. ಅದು ತಿರುಗಿದರೆ ಅವಳು ನನ್ನನ್ನು ಕರೆಯುತ್ತಾಳೆ. ನಾನು ಎಲ್ಲಿಂದ ಓ ಅನ್ನಲಿ? ಅಂಥದೊಂದು ಟೇಪು ಇದೆ ಎಂದು ಅಶ್ವಿನಿಗೂ ಹೇಳಲಿಲ್ಲ.

ಮಾಸ್ತರು ಕಡೆಯ ಸಲ ನಮ್ಮ ಮನೆಗೆ ಬಂದದ್ದೂ ಸೋಮವಾರವೇ. ಗಂಟಲು ಬಿದ್ದುಹೋಗಿತ್ತು, ಮಾತು ಗಾಳಿಯಂತೆ ಬರುತ್ತಿತ್ತು. ಪೇಟಿ ಇರಲಿಲ್ಲ, ಕೈಯಲ್ಲಿ ಕೋಲು ಇತ್ತು. ಪಡಸಾಲೆಯಲ್ಲಿ ನಾನೊಬ್ಬಳೇ ಬೀಡಿ ಕಟ್ಟುತ್ತ ಕೂತಿದ್ದೆ. ಚಹಾ ಕೊಟ್ಟೆ. ಕಪ್ಪಿನಿಂದ ಬಶಿಗೆ ಸುರಿದು, ಆರಲು ಬಿಟ್ಟು ಕೇಳಿದರು.

"ಶಾಂತವ್ವಾ, ಸುನಂದಾಂದು ಆ ಟೇಪ ಐತೇನವಾ? ಒಮ್ಮಿ ಕೇಳಬೇಕನಸೈತಿ."

ಇಷ್ಟು ವರ್ಷದಲ್ಲಿ ಅವರು ನನ್ನ ಹತ್ತಿರ ಚಹಾ ಬಿಟ್ಟು ಬೇರೇನೂ ಕೇಳಿದವರಲ್ಲ. ಅವರು ಬೆನ್ನು ಕೊಟ್ಟ ಗೋಡೆಯ ಆಚೆಗೇ ಟ್ರಂಕು ಇತ್ತು.

"ಅದೆಲ್ಲಿ ಉಳದೈತ್ರಿ ಮಾಸ್ತರ್ರ. ಇಲಿ ಕಡದು ಹಾಳಾತು" ಎಂದೆ.

ಮಾಸ್ತರು ನನ್ನ ಮುಖ ನೋಡಲಿಲ್ಲ, ಕೈ ನೋಡಿದರು. ನನ್ನ ಕತ್ತರಿ ಅರ್ಧ ಎಲೆಯಲ್ಲಿ ನಿಂತಿತ್ತು.

"ಆತ ಬಿಡವಾ. ಕೈ ನಡೀಲಿ."

ಅಷ್ಟೇ ಅಂದದ್ದು. ಬಶಿಯ ಚಹಾ ಕುಡಿದು, ಕೋಲು ಊರಿಕೊಂಡು ಹೋದರು. ತಿಂಗಳು ತುಂಬುವುದರೊಳಗೆ ತೀರಿಕೊಂಡ ಸುದ್ದಿ ಬಂತು. ಮಣ್ಣಿಗೆ ಹೋದೆ. ಯಾರೋ ಅವರ ಪೇಟಿಯನ್ನು ತಲೆದೆಸೆಗೆ ಇಟ್ಟಿದ್ದರು. ನನಗೆ ಅದನ್ನು ಮುಟ್ಟುವ ಧೈರ್ಯವಾಗಲಿಲ್ಲ.

ಈಗ ಎಂಟು ವರ್ಷದ ಮೇಲೆ ಅವರ ಹಾಡು ಎದ್ದು ಕೂತಿದೆ. ಕಬ್ಬೂರಿನಲ್ಲಿ ಅವರ ಹತ್ತಿರ ಭಜನೆ ಕಲಿತ ಒಬ್ಬ ಸಾಲಿ ಮಾಸ್ತರರು ಮೊಬೈಲಿನಲ್ಲಿ ಗ್ರುಪ್ಪು ಮಾಡಿ, ಊರೂರಿನ ಹಳೆಯ ಟೇಪುಗಳನ್ನು ಕೂಡಿಸಿ ಹಾಕುತ್ತಿದ್ದಾರೆ. ಅಶ್ವಿನಿ ಈಗ ಚಿಕ್ಕೋಡಿಯ ದವಾಖಾನೆಯಲ್ಲಿ ನರ್ಸು. ಸಂಜೆ ಮನೆಗೆ ಬಂದು ನನಗೆ ಅವನ್ನು ಕೇಳಿಸುತ್ತಾಳೆ, ಜನ ಬರೆದದ್ದನ್ನು ಓದುತ್ತಾಳೆ. ಏನೇನು ಬರೆಯುತ್ತಾರೆ ಜನ. ಜುಗೂಳದ ಒಬ್ಬರು, ಹಾಡಿನ ನಡುವೆ ಕೆಮ್ಮಿದ್ದು ತಮ್ಮ ಅಪ್ಪ, ಆ ಕೆಮ್ಮನ್ನೇ ಅವ್ವನಿಗೆ ಮೂರು ಸಲ ಕೇಳಿಸಿದೆ ಎಂದರು. ರಾಯಬಾಗದವರೊಬ್ಬರು, ಹಿಂದೆ ಕೇಳುವ ಘಂಟೆ ತಮ್ಮ ಮನೆಯ ಎತ್ತಿನದು ಎಂದರು. ಇಲ್ಲೇ ಪೇಟೆಯ ಹೆಣ್ಣುಮಗಳೊಬ್ಬಳು ಮರಾಠಿಯಲ್ಲೇ ಮಾತಾಡಿ ಕಳಿಸಿದ್ದಳು. "ಡೋಳ್ಯಾತ್ ಪಾಣೀ ಆಲಂ ಬಘಾ", ಕಣ್ಣಲ್ಲಿ ನೀರು ಬಂತು ನೋಡಿ, ಅನ್ನುವಾಗ ಅವಳ ದನಿಯಲ್ಲೇ ಕಣ್ಣೀರು ಇತ್ತು.

ಒಂದು ಸಂಜೆ ಅಶ್ವಿನಿ ಓದುತ್ತ ಓದುತ್ತ ನಿಂತಳು. ಕಬ್ಬೂರಿನವರೇ ಬರೆದಿದ್ದರು. "ಒಂದು ಸಣ್ಣ ಹುಡುಗಿ ಜೋಡಿ ಹಾಡಿದ ಟೇಪು ಐತಿ, ನನ್ನ ಜನ್ಮದಾಗ ಹಾಡಿದ್ದು ಅದೊಂದ ಖರೆ ಅಂತ ಗುರುಗಳು ಕಡೀತನಕ ಹೇಳತಿದ್ರು. ಅದು ಯಾರ ಕಡೆ ಐತಿ?"

"ಆಯಿ, ಯಾವ ಹುಡುಗಿ ಅದು?" ಅಶ್ವಿನಿ ನನ್ನನ್ನು ಕೇಳಿದಳು.

ಸೊಂಟದ ಕೀಲಿ ತೆಗೆದು ಕೊಟ್ಟೆ. ಟ್ರಂಕು ತೆಗೆದು, ಸುತ್ತಿದ್ದ ಅಂಗಿ ಬಿಡಿಸಿ, ಟೇಪು ಕೈಯಲ್ಲಿ ಹಿಡಿದುಕೊಂಡು ಬಂದಳು. ಎಲ್ಲ ಹೇಳಿದೆ. ಮಾಸ್ತರಿಗೆ ಸುಳ್ಳು ಹೇಳಿದ್ದನ್ನೂ ಹೇಳಿದೆ. ಹುಡುಗಿ ಟೇಪನ್ನು ಅಂಗೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದಳು.

"ಇಷ್ಟ ವರ್ಷ ನಮ್ಮವ್ವನ ದನಿ ಈ ಮನ್ಯಾಗ ಇತ್ತಾ, ಆಯಿ?"

"ನನ್ನ ಬೈ, ಯವ್ವಾ" ಎಂದೆ. ಅವಳು ಬೈಯಲಿಲ್ಲ. ಮರುದಿನ ರಜೆ ಹಾಕಿ ಕಬ್ಬೂರಿಗೆ ಹೋದಳು.

ಟೇಪಿಗೆ ಬೂಷ್ಟು ಹಿಡಿದಿತ್ತಂತೆ. ಹರಿದರೆ ಮುಗಿಯಿತು, ಒಂದೇ ಸಲ ತಿರುಗಿಸೋಣ ಎಂದು ಸಾಲಿ ಮಾಸ್ತರರು ಅಂದರಂತೆ. ಮೂರು ದಿನ ಒರೆಸಿ, ಒಣಗಿಸಿ ತಿರುಗಿಸಿದರು. ಆ ಮೂರು ದಿನ ನನಗೆ ರೊಟ್ಟಿ ಇಳಿಯಲಿಲ್ಲ. ಇಲಿ ಕಡಿದಿದೆ ಎಂದ ನನ್ನ ಸುಳ್ಳು ಈಗ ಖರೆ ಆಗಿಬಿಟ್ಟರೆ ಗತಿ ಏನು?

ಹರಿಯಲಿಲ್ಲ. ಮೊನ್ನೆ ಸೋಮವಾರ ಮಧ್ಯಾಹ್ನ ಅಶ್ವಿನಿ ಪಡಸಾಲೆಯಲ್ಲಿ ನನ್ನ ಮಗ್ಗುಲಿಗೆ ಕೂತು ಮೊಬೈಲು ಹಚ್ಚಿದಳು. ನಾನು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದೆ. ಕತ್ತರಿಗಳ ಸಪ್ಪಳ ಬಂತು, ಪೇಟಿ ಬಂತು, ಮಾಸ್ತರು ಬಂದರು. "ಕೈಹಿಡಿಯ ಬಾರ ನನ್ನ..."

"ಅವ್ವಾ."

ಅಶ್ವಿನಿ ಬಾಯಿಗೆ ಸೆರಗು ಹಿಡಿದು ಅತ್ತಳು, ಅಳುತ್ತಲೇ ನಕ್ಕಳು. "ನಮ್ಮವ್ವ, ಆಯಿ. ನಮ್ಮವ್ವ" ಎಂದು ನನ್ನ ತೊಡೆ ತಟ್ಟಿದಳು. ಹೆತ್ತವಳ ದನಿ ಹೇಗಿತ್ತೆಂದು ತಿಳಿಯದೆ ಬೆಳೆದ ಕೂಸು ಅದು. ಅವಳ ಮುಖದಲ್ಲಿ ಆವತ್ತು ಕಂಡ ಬೆಳಕನ್ನು ನಾನು ಮದುವೆ ಮನೆಯಲ್ಲೂ ಕಂಡಿಲ್ಲ. ಮೂರನೇ ಇಯತ್ತೆಗೆ ಸಾಲಿ ಬಿಟ್ಟವಳು ನಾನು, ಆ ಸಂತೋಷವನ್ನು ಬರೆಯಲು ನನಗೆ ಬಾರದು. ಹಾಲು ಉಕ್ಕಿ ಒಲೆಯ ಮೇಲೆಲ್ಲ ಚೆಲ್ಲಿದ ಹಾಗಾಯಿತು.

ಹಾಡು ಗ್ರುಪ್ಪಿಗೆ ಹೋದದ್ದೇ ಜನ ಮುಗಿಬಿದ್ದರು. ಎಲ್ಲರದೂ ಒಂದೇ ಮಾತು, ಕತ್ತರಿ ಸಪ್ಪಳ ನಿಂತ ಜಾಗಕ್ಕೆ ಮೈ ಝುಂ ಅಂತೈತಿ, ಅಲ್ಲಿ ಏನಾಗಿತ್ತು? ಅಶ್ವಿನಿ ಮೊಬೈಲನ್ನು ನನ್ನ ಬಾಯಿಗೆ ಹಿಡಿದಳು. "ಅಕಿ ನನ್ನ ಮಗಳ್ರಿ. ಹೆಸರು ಸುನಂದಾ. ಅದು ಅಕಿದು ಮೊದಲನೇ ಮಾತ್ರಿ" ಎಂದೆ.

ಅಶ್ವಿನಿ ಹಾಡನ್ನು ಮತ್ತೆ ಹಚ್ಚಿದಳು, ಈ ಸಲ ನಡುವೆ ಬಂದ್ ಮಾಡಲಿಲ್ಲ. ನಾವು ಎಂದೂ ಕೇಳದ ಮುಂದಿನ ಭಾಗ ತನ್ನಷ್ಟಕ್ಕೆ ನಡೆಯಿತು. ನಾನು ಕೂಸನ್ನು ಎತ್ತಿಕೊಂಡ ಮೇಲಿನದು. ಹೆಂಗಸರ ಗದ್ದಲ, ಕಮಲಕ್ಕನ ನಗೆ. ಅದರ ಕೆಳಗೆ, ಟೇಪಿನ ತೀರ ಹತ್ತಿರ, ಒಬ್ಬರು ಮುಸಿಮುಸಿ ಅಳುತ್ತಿದ್ದರು. ಮಾಸ್ತರು. ಆವತ್ತು ಅವರ ಕಡೆ ನಾನು ನೋಡಿಯೇ ಇರಲಿಲ್ಲ. ಮೂಗು ಒರೆಸಿಕೊಂಡು, ಎರಡು ಸಲ ಪೇಟಿಗೆ ಗಾಳಿ ಹೊಡೆದು, ದನಿ ಸರಿಪಡಿಸಿಕೊಂಡು ಅವರು ಅಂದದ್ದು ಕೇಳಿತು.

"ಕೈ ನಡೀಲಿ ಬೇ, ಕೈ ನಡೀಲಿ."

ಮೊರದಲ್ಲಿ ನನ್ನ ಕೈ ನಿಂತೇ ಇತ್ತು. ಎದುರಿನ ಗೋಡೆಯ ಕಡೆ ನೋಡಿದೆ. ಕೈ ನೋಡುವವರು ಅಲ್ಲಿ ಯಾರೂ ಇರಲಿಲ್ಲ.