ನೂಲು ಹಿಡಿದ ಕೋಸಿನ ಸಾಲು

ಕೋಸಿನ ಸಾಲು ನೂಲು ಹಿಡಿದಷ್ಟು ನೆಟ್ಟಗಿತ್ತು. ಅದೇ ತಪ್ಪಾಗಿತ್ತು. ತಪ್ಪೆಂದು ಅಕ್ಕನಿಗೆ ಮೊದಲ ದಿನವೇ ಗೊತ್ತಿತ್ತು.

ಅಕ್ಕ ಎಂದರೆ ತೋಟದ ಯಜಮಾನಿ. ಕೂಲಿಯವರಿಂದ ಹಿಡಿದು ತರಕಾರಿ ಲಾರಿಯ ಡ್ರೈವರ್ ತನಕ ಎಲ್ಲರ ಬಾಯಲ್ಲೂ ಅಕ್ಕನೇ. ಬೆಳೆ ಅವಳ ಪಾಲಿನ ಕೆಲಸ, ಮಾರಾಟ ಅವಳ ತಂಗಿಯದು. ಸೈನ್ಯ ಬಿಟ್ಟು ಬಂದವರಿಗೆ ಬೇಸಾಯದಲ್ಲಿ ಕೆಲಸ ಹುಡುಕಿಕೊಡುವ ಕೇಂದ್ರದವರು, ಒಬ್ಬರನ್ನು ಒಂದು ಬೆಳೆಯ ಮಟ್ಟಿಗೆ ಇಟ್ಟುಕೊಂಡು ನೋಡಿ ಎಂದಾಗ ತಂಗಿ ಮೂಗು ಮುರಿದಿದ್ದಳು. ಅಕ್ಕ ಕೇಳಿದ ಕೂಡಲೇ ಹೂಂ ಅಂದಿದ್ದಳು. ಕೆಲಸ ಕಲಿತರೆ ಕಾಯಂ, ಇಲ್ಲದಿದ್ದರೆ ವಾಪಸು. ಕರಾರು ಇಷ್ಟೇ.

ಬಂದವನಿಗೆ ಮಿಲ್ಟ್ರಿಯಣ್ಣ ಎಂದು ಹೆಸರು ಬಿತ್ತು. ದರ್ಜಿಯ ಮಗ, ಮೀಸೆ ಚಿಗುರುವಾಗಲೇ ಸೈನ್ಯ ಸೇರಿದವನು. ಗಡಿಯಲ್ಲಿ ಒಂದು ಮಂಡಿ ಕೆಡಿಸಿಕೊಂಡು ವಾಪಸಾದ ಮೇಲೆ ದೊಡ್ಡ ಅಂಗಡಿಯೊಂದರ ಬಾಗಿಲಲ್ಲಿ ನಿಂತು ಬಂದವರಿಗೆಲ್ಲ ಸಲ್ಯೂಟ್ ಹೊಡೆಯುವ ಕೆಲಸ ಮಾಡಿದ್ದ. "ಚಪ್ಪಲಿ ಕೊಳ್ಳೋಕೆ ಬಂದವರಿಗೂ ಸಲ್ಯೂಟೇ ಅಕ್ಕಾ. ಕೈ ಸವೆದುಹೋಯ್ತು," ಎಂದು ನಕ್ಕಿದ್ದ. ಪಂಪುಮನೆ ಪಕ್ಕದ ಕೋಣೆಗೆ ತಾನೇ ಸುಣ್ಣ ಬಳಿದುಕೊಂಡ. ಕೆಲಸ ಕಾಯಂ ಆದರೆ ಹೆಂಡತಿ, ಮಗಳು ಬರುತ್ತಾರೆಂದು ಕಿಟಕಿಗೆ ಪರದೆ ಹೊಲಿದು ಕಟ್ಟಿದ. ಹೊಲಿಗೆ ಅಪ್ಪನಿಂದ ಬಂದದ್ದು. ಬೇಸಾಯ ಯಾರಿಂದಲೂ ಬಂದದ್ದಲ್ಲ.

ಅವನ ಮುಂದೆ ಅಕ್ಕನಿಗೆ ಎಲ್ಲಿಲ್ಲದ ಸಂಕೋಚ. ಎಲ್ಲರಿಗಿಂತ ಮೊದಲು ಅವನಿಗೆ ಚಹಾ, ಅವನು ಬಂದರೆ ಎದ್ದು ನಿಲ್ಲುವುದು. "ಅವರಿಗೆ ಯಾರೂ ಎದುರಾಡಬೇಡಿ," ಎಂದು ಕೂಲಿಯವರಿಗೆ ತಾಕೀತು ಬೇರೆ.

ಇಳಿಜಾರಿನ ಹೊಲ ಅದು. ಮೇಲಿನ ಬದುವಿಗೊಂದು ಗೂಟ, ಕೆಳಗಿನ ಬದುವಿಗೊಂದು ಗೂಟ ಹೊಡೆದು, ಹಗ್ಗ ಬಿಗಿದು, ಅವನು ಸಸಿಗಳನ್ನು ಕವಾಯತಿಗೆ ನಿಲ್ಲಿಸಿದಂತೆ ನಿಲ್ಲಿಸಿದ. ಇಳಿಜಾರಿನಲ್ಲಿ ಸಾಲು ಅಡ್ಡಕ್ಕಿರಬೇಕು, ನೆಲ ಬಳುಕಿದ ಹಾಗೆ ತಾನೂ ಬಳುಕಬೇಕು. ಮೇಲಿಂದ ಕೆಳಕ್ಕೆ ಬಿಟ್ಟರೆ ಮಳೆನೀರಿಗೆ ನಾವೇ ಕಾಲುವೆ ತೋಡಿಕೊಟ್ಟಂತೆ. ಕಳೆ ತೆಗೆಯುವ ಅಜ್ಜಿ ಅಕ್ಕನ ಸೆರಗು ಜಗ್ಗಿದಳು.

"ಹೇಳಬಾರದೇನೆ ತಾಯೀ?"

"ಸುಮ್ಮನಿರಜ್ಜಿ. ದೇಶ ಕಾದವರಿಗೆ ಕೋಸು ಕಾಯೋಕೆ ಬರಲ್ಲ ಅನ್ನೋಕಾಗುತ್ತಾ?"

ಅಷ್ಟರಲ್ಲಿ ಅವನೇ ಕೇಳಿದ. "ಅಕ್ಕಾ, ಸರಿ ಇದೆಯಾ?"

"ತುಂಬಾ ಸೊಗಸಾಗಿದೆ," ಎಂದಳು ಅಕ್ಕ.

ಕೇಂದ್ರದವರು ಬಂದು ಫೋಟೋ ತೆಗೆದುಕೊಂಡು ಹೋದರು. ಆಮೇಲೆ ಮಳೆ ಬಂತು. ಒಂದೇ ಮಧ್ಯಾಹ್ನ ಹೊಯ್ದದ್ದು. ಮೇಲ್ಮಣ್ಣು, ಗೊಬ್ಬರ, ಸಸಿ ಎಲ್ಲ ಕೆಳಗಿನ ಹಳ್ಳ ಸೇರಿದವು. ಕೆಟ್ಟ ಮಂಡಿಯೂರಿ ಅವನು ಕೆಸರಿನಿಂದ ಸಸಿ ಹೆಕ್ಕುತ್ತಿದ್ದಾಗ ತಂಗಿ ಕೊಡೆ ಹಿಡಿದು ಬಂದಳು.

"ಮೇಲಿಂದ ಕೆಳಕ್ಕೆ ಸಾಲು! ಯಾರದಿದು ಬುದ್ಧಿ?"

"ನಂದೇ ಮೇಡಂ."

ಅಕ್ಕ ಅಲ್ಲೇ ಇದ್ದಳು. 'ನನ್ನದೂ ಇದೆ' ಎನ್ನಲು ಎರಡೇ ಮಾತು ಸಾಕಿತ್ತು. ಕಾಲ್ಬೆರಳು ನೋಡುತ್ತ ನಿಂತಳು. ಅಜ್ಜಿ ಅವಳನ್ನೇ ನೋಡುತ್ತಿದ್ದಳು.

"ನಾಳೆ ಲಾರಿಯಲ್ಲೇ ಹೊರಡಲಿ," ಎಂದಳು ತಂಗಿ.

ಸಂಜೆ ಅಕ್ಕನಿಗೆ ಕೂತಲ್ಲಿ ಕೂರಲಾಗಲಿಲ್ಲ. ಪಂಪುಮನೆ ಕಡೆ ಹೋದರೆ ಅವನು ಟ್ರಂಕು ಕಟ್ಟಿಟ್ಟು, ಕಿಟಕಿಯ ಪರದೆ ಬಿಚ್ಚಿ ಮಡಿಸುತ್ತಿದ್ದ.

"ಸಾಲು ತಪ್ಪು ಅಂತ ನನಗೆ ಗೊತ್ತಿತ್ತು," ಎಂದಳು ಬಾಗಿಲಲ್ಲೇ ನಿಂತು. "ಅಜ್ಜಿಗೂ ಗೊತ್ತಿತ್ತು. ನಾನೇ ಬಾಯಿ ಮುಚ್ಚಿಸ್ದೆ."

ಅವನ ಕೈ ನಿಂತಿತು. "ನಾನು ಕೇಳಿದ್ನಲ್ಲಕ್ಕಾ?"

"ನಿಮ್ಮ ಮರ್ಯಾದೆಗೆ ಅಂತ..."

"ಮರ್ಯಾದೆನಾ?" ಅಷ್ಟು ದಿನದಲ್ಲಿ ಮೊದಲ ಸಲ ಅವನ ದನಿ ಏರಿತು. "ನಮಗೆ ಡ್ರಿಲ್ ಕಲಿಸೋರು ಬೂಟಿನ ದಾರ ಸಡಿಲ ಇದ್ರೂ ಏಳು ತಲೆಮಾರು ಎತ್ತಿ ಬೈತಿದ್ರು. ಬೈಸಿಕೊಂಡಿದ್ದಕ್ಕೇ ಬದುಕಿ ಬಂದೆ. ನೀವು ನನ್ನನ್ನ ಗೋಡೆ ಮೇಲಿನ ಫೋಟೋ ಮಾಡಿಬಿಟ್ರಿ. ಫೋಟೋಗೆ ಯಾರು ಕೆಲಸ ಕಲಿಸ್ತಾರೆ? ಹೆಂಡತಿಗೆ ಏನಂತ ಹೇಳ್ಲಿ ಈಗ?"

ಅಕ್ಕ ಅಲ್ಲಿಂದ ನೇರ ತರಕಾರಿ ತೂಗುವ ಕೊಟ್ಟಿಗೆಗೆ ಹೋದಳು. ತಂಗಿ ಕ್ರೇಟು ಎಣಿಸುತ್ತಿದ್ದಳು, ಸುತ್ತ ಕೂಲಿಯವರಿದ್ದರು. ತಪ್ಪು ಗೊತ್ತಿದ್ದೂ ತಾನೇ ಮುಚ್ಚಿಟ್ಟದ್ದನ್ನು ಎಲ್ಲರೆದುರೇ ಹೇಳಿದಳು.

ತಂಗಿ ಸೊಂಟದ ಮೇಲೆ ಕೈಯಿಟ್ಟಳು. "ಹಾಗಾದ್ರೆ ಲಾರಿ ಹತ್ತಬೇಕಾದವಳು ನೀನು! ಸರಿ, ಇನ್ನೊಂದು ಬೆಳೆ ಇರಲಿ ಅವರು. ಆದ್ರೆ ಕಲಿಸೋಳು ಅಜ್ಜಿ. ನೀನಲ್ಲ."

ಮಣ್ಣು ಆರಿದ ಮೇಲೆ ಮತ್ತೆ ನಾಟಿ ಶುರುವಾಯಿತು. ನೀರು ತುಂಬಿದ ಪಾರದರ್ಶಕ ಪೈಪನ್ನು ಎರಡು ತುದಿಗೆ ಹಿಡಿದು ಮಟ್ಟ ನೋಡಿ, ಇಳಿಜಾರಿಗೆ ಅಡ್ಡವಾಗಿ ಸಾಲು ಹಾಕುತ್ತಿದ್ದರು. "ಪೈಪು ಹಿಡಿ ಅಂದ್ರೆ ಬಂದೂಕು ಹಿಡಿದ ಹಾಗೆ ನಿಂತಿದೀಯಲ್ಲೋ ಮಗನೇ, ಬಗ್ಗು!" ಎಂದು ಅಜ್ಜಿ ಗದರಿದರೆ ಅವನು ಗಟ್ಟಿಯಾಗಿ ನಗುತ್ತಿದ್ದ. ಆ ನಗು ಬದುವಿನ ಮೇಲೆ ನಿಂತ ಅಕ್ಕನವರೆಗೂ ಕೇಳುತ್ತಿತ್ತು. ಕೋಣೆಯ ಕಿಟಕಿಗೆ ಪರದೆ ಇನ್ನೂ ಏರಿರಲಿಲ್ಲ.

ಅವಳು ಹತ್ತಿರ ಬಂದಾಗ ಅವನು ಎದ್ದು ನಿಂತ. "ಸರಿ ಇದೆಯಾ ಮೇಡಂ?"

ಅಕ್ಕ ಹೋಗಿ ಮೇಡಂ ಆಗಿತ್ತು. 'ಸೊಗಸಾಗಿದೆ' ಎಂಬುದು ಹಾಳು ಅಭ್ಯಾಸದಂತೆ ತುಟಿಗೆ ಬಂತು. ನುಂಗಿಕೊಂಡಳು. ಬಗ್ಗಿ ಸಾಲಿನುದ್ದಕ್ಕೂ ನೋಡಿದಳು.

"ಇಲ್ಲ. ಆ ತುದಿ ಕೆಳಗೆ ಜಾರಿದೆ. ಕಿತ್ತು ಮತ್ತೆ ನೆಡಿ."

ಅವನು ಕೂಡಲೇ ಬಗ್ಗಲಿಲ್ಲ. ತಿರುಗಿ ಅಜ್ಜಿಯ ಮುಖ ನೋಡಿದ. ಅಜ್ಜಿ ಹೌದೆಂದು ತಲೆಯಾಡಿಸಿದ ಮೇಲೆಯೇ ಮಂಡಿಯೂರಿದ.