ಓರೆ ಬಿದ್ದ ಕಲ್ಲು

ಪುಟ್ಟಮಾದಪ್ಪನವರೇ, ನಿಮ್ಮ ಮಗಳು ಮಾದೇವಿ ಶಾಲೆಯ ಮೆಟ್ಟಿಲಿಂದ ಬೀಳಲಿಲ್ಲ. ನಾನು ಹೊಡೆದೆ. ಅವಳ ಎಡಗಿವಿ ಹಾಳು ಮಾಡಿದವನು ನಾನೇ — ಅವಳ ಮೇಷ್ಟ್ರು. ಹದಿನೆಂಟು ವರ್ಷ ಇದನ್ನು ನುಂಗಿಕೊಂಡೇ ಬಂದೆ.

ಅಂದು ಏಳನೇ ತರಗತಿಗೆ ಚಂದ್ರನ ಮೇಲಿನ ಕುಳಿಗಳ ಪಾಠ. ಬಿಸಿಯೂಟದ ಅಡುಗೆಮನೆಯಿಂದ ದೊಡ್ಡ ತಟ್ಟೆ ತರಿಸಿ, ರಾಗಿಹಿಟ್ಟು ಹರಡಿ, ಮೇಲೆ ಅರಿಶಿನ ಉದುರಿಸಿ, ಒಂದೊಂದೇ ಕಲ್ಲು ಬೀಳಿಸಿದೆ. ಬಿದ್ದಲ್ಲೆಲ್ಲ ಗುಂಡನೆಯ ಕುಳಿ. ಆಕಾಶದಿಂದ ಬಂಡೆ ಅಪ್ಪಳಿಸಿದಾಗಲೂ ಹೀಗೇ ಎಂದು ಬೀಗಿದೆ. ಮಾದೇವಿ ಎದ್ದು ಬಂದವಳೇ, ನನ್ನನ್ನೊಂದು ಮಾತೂ ಕೇಳದೆ, ಒಂದು ಕಲ್ಲನ್ನು ಓರೆಯಾಗಿ ಎಸೆದಳು. ಹಿಟ್ಟು ಉದ್ದಕ್ಕೆ ಸೀಳಿತು.

"ಸಾ, ಓರೆ ಬಿದ್ರೆ ಗುಂಡಿ ಇಂಗೆ ಉದ್ದುಕ್ಕಾಯ್ತದೆ. ಚಂದ್ರನ ಮ್ಯಾಲೆ ಎಲ್ಲಾವೂ ಗುಂಡಗೇ ಅವಲ್ಲಾ? ಎಲ್ಲಾ ಕಲ್ಲೂ ನೆಟ್ಟಗೇ ಬಿದ್ವಾ ಸಾ?"

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಮಗಳೇ, ಓದಿ ಹೇಳ್ತೀನಿ — ಅಷ್ಟು ಅಂದಿದ್ದರೆ... ಹಿಂದಿನ ಬೆಂಚಿನವರು ಕಿಸಕ್ಕನೆ ನಕ್ಕರು. ನನಗೋ, ಕೋಪ ಮೂಗಿನ ತುದಿಯಲ್ಲೇ. ಕೈಯಲ್ಲಿದ್ದ ಮರದ ಡಸ್ಟರಿನಿಂದ ಅವಳ ಕಿವಿಗೇ ಬಾರಿಸಿದೆ. ಬಿದ್ದಳು. ತಟ್ಟೆ ಹಿಡಿದು ಎದ್ದಳು. ಆಗಲಾದರೂ ನಿಲ್ಲಿಸಬೇಕಿತ್ತು — ಇಲ್ಲ, ಮತ್ತೊಂದು ಏಟು, ಅದೇ ಕಿವಿಗೆ. ಹಿಟ್ಟಿನ ಮೇಲೆ ರಕ್ತ ತೊಟ್ಟಿಕ್ಕಿ ಸಣ್ಣ ಸಣ್ಣ ಕುಳಿ ಬಿತ್ತು.

ಕೊಳ್ಳೇಗಾಲದ ಆಸ್ಪತ್ರೆಗೆ ನಾನೇ ಬೈಕಿನಲ್ಲಿ ಕರೆದೊಯ್ದೆ. ನೀವು ಮಧುವನಹಳ್ಳಿಯಿಂದ ಏದುಸಿರು ಬಿಡುತ್ತ ಬಂದಿರಿ. "ಮೆಟ್ಟಿಲಿಂದ ಬಿದ್ಬಿಟ್ಲು" ಎಂದೆ. ಅವಳು ನನ್ನನ್ನೇ ನೋಡಿದಳು. ನೀವು — ಅಯ್ಯೋ — "ನೋಡ್ಕಂಡು ನಡಿಯಕ್ಕಾಗಕಿಲ್ವಾ?" ಎಂದು ಅವಳ ಬೆನ್ನಿಗೆ ಗುದ್ದಿ, ನನಗೆ ಕೈಮುಗಿದಿರಿ. ಮರುದಿನ ಒಂದು ಚೀಲ ಅವರೆಕಾಯಿ ತಂದುಕೊಟ್ಟಿರಿ. ಅದರ ಸಾರನ್ನು ಚಪ್ಪರಿಸಿಕೊಂಡು ಉಂಡೆ. ಥೂ, ನನ್ನ ಜನ್ಮಕ್ಕಿಷ್ಟು!

ಆ ಕಿವಿ ಮತ್ತೆ ಕೇಳಲಿಲ್ಲ. ಮಾದೇವಿ ಶಾಲೆಗೂ ಬರಲಿಲ್ಲ.

ಅವಳ ಪ್ರಶ್ನೆಗೆ ಉತ್ತರವನ್ನು ಎಷ್ಟೋ ವರ್ಷದ ಮೇಲೆ ಓದಿದೆ. ಆಕಾಶದ ಬಂಡೆ ಬರುವ ವೇಗಕ್ಕೆ ತಾಗಿದ ಕ್ಷಣವೇ ಮದ್ದಿನ ಹಾಗೆ ಸಿಡಿಯುತ್ತದಂತೆ. ಹಾಗಾಗಿ ಓರೆಯಾಗಿ ಬಂದರೂ ಕುಳಿ ಬಹುಮಟ್ಟಿಗೆ ಗುಂಡಗೇ. ಕೈಯಿಂದ ಎಸೆದ ಕಲ್ಲಿಗೆ ಆ ವೇಗವಿಲ್ಲ. ಆ ತಟ್ಟೆಯನ್ನು ಸರಿಯಾಗಿ ನೋಡಿದವಳು ಅವಳೊಬ್ಬಳೇ.

ಮೊನ್ನೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿರಿ. ಮಾದೇವಿ ನಿಮ್ಮ ಮನೆಯಲ್ಲೇ ಇದ್ದಾಳೆ ಎಂದಿರಿ. ಅವಳ ಮಗಳನ್ನು ನನ್ನ ಮುಂದೆ ನಿಲ್ಲಿಸಿ, "ಇವ್ಳುನ್ನೂ ಸ್ಕೂಲಿಗೆ ಸೇರುಸ್ದೊ ಸಾ. ಕಣ್ಣೆರಡ ಬುಟ್ಟು ಎಲ್ಲಿಗಾದ್ರೂ ಒಡೀರಿ ಅಂತ ಮೇಷ್ಟ್ರಿಗೆ ಏಳಿವ್ನಿ" ಎಂದು ನಕ್ಕಿರಿ. ಮಾದೇವಿಯನ್ನು ಸೇರಿಸಿದ ದಿನ ನನಗೂ ಇದನ್ನೇ ಹೇಳಿದ್ದಿರಿ. ಆ ಮಗು ನನ್ನನ್ನು ನೋಡಿ ಕೈಮುಗಿಯಿತು. ಮನೆಗೆ ಬಂದವನೇ ಈ ಕಾಗದ ಬರೆಯಲು ಕೂತೆ.

ನಿಮಗೆ ಓದು ಬಾರದು. ಈ ಕಾಗದವನ್ನು ಮಾದೇವಿಯ ಕೈಯಲ್ಲೇ ಓದಿಸುವಷ್ಟು ಹೇಡಿಯಾಗಲಾರೆ. ಭಾನುವಾರ ನಾನೇ ಬರುತ್ತೇನೆ. ನೀವು ಹೊಡೆದರೆ ಹೊಡೆಸಿಕೊಳ್ಳುತ್ತೇನೆ. ಆದರೆ ಪೂರ್ತಿ ಓದಿಯೇ ಏಳುತ್ತೇನೆ — ಅವಳ ಬಲಗಡೆ ಕೂತು, ಅವಳಿಗೂ ಕೇಳುವ ಹಾಗೆ.